ಏಳನೇ ಕಲ್ಲಿನ ಮದುವೆ

ಏಳನೇ ಕಲ್ಲು, ಗುಡ್ಡದ ರಸ್ತೆ
ಚನ್ನಗಿರಿ ತಾಲ್ಲೂಕು
16-12-1984

ಮಗಳು ಕಸ್ತೂರಿಗೆ ಅವ್ವ ಭೀಮಕ್ಕನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಅಕ್ಷರ ಕೂಡಿಸಿಕೊಂಡು, ಎರಡನೇ ಸಲ ಅರ್ಥ ಮಾಡಿಕೊಂಡು. ನೀನು ಒಂದನೇ ಕ್ಲಾಸಿಗೆ ಸೇರಿದಾಗ ನಿನ್ನ ಸ್ಲೇಟಿನಲ್ಲೇ ಅಆಇಈ ತಿದ್ದಿದವಳು ನಾನು. ಇಷ್ಟಾದರೂ ಓದುತ್ತಾಳಲ್ಲ ಎಂದು ಸಂತೋಷಪಡು.

ಹೊನ್ನಾಳಿಯ ಜಯಪ್ಪ ಕರೆಂಟಿನ ಕಂಬ ಹತ್ತುವ ಲೈನ್‌ಮನ್ ಎಂದು ಬರೆದಿದ್ದೀಯ. ನ್ಯಾಮತಿ ಆಸ್ಪತ್ರೆಗೆ ವೈರು ಎಳೆಯಲು ಬಂದವನು, ಸೂಜಿ ಚುಚ್ಚುವ ನರ್ಸಮ್ಮನ ಮೇಲೆ ಕಣ್ಣು ಹಾಕಿದನೆಂದರೆ ಗಂಡು ಧೈರ್ಯವಂತನೇ. ಒಪ್ಪಿದೆ. ಅವನ ಅಪ್ಪ ದುರುಗಣ್ಣನವರು ಬೌದ್ಧರಾಗಿದ್ದಾರೆ, ಪುರೋಹಿತ ಮುಹೂರ್ತ ಏನೂ ಇಲ್ಲದೆ ಬುದ್ಧನ ಪಟದ ಮುಂದೆ ಹಾರ ಹಾಕಿಸುತ್ತಾರೆ ಎಂದಿದ್ದೀಯ. ಅದಕ್ಕೂ ಒಪ್ಪಿದೆ. ನಮ್ಮ ಬಾಗಿಲಿಗೆ ಯಾವ ಪುರೋಹಿತ ಬಂದಿದ್ದ, ಈಗ ಬರಲಿಲ್ಲವೆಂದು ನಾನು ಅಳುವುದಕ್ಕೆ?

ಆದರೆ ನನ್ನದೊಂದು ಹಟವಿದೆ. ಮದುವೆ ಹೊನ್ನಾಳಿಯಲ್ಲಿ ಬೇಡ, ಚನ್ನಗಿರಿಯಲ್ಲೂ ಬೇಡ. ಇಲ್ಲೇ, ಗುಡ್ಡದ ರಸ್ತೆಯಲ್ಲಿ, ಏಳನೇ ಕಲ್ಲಿನ ತಿರುವಿನಲ್ಲಿ ಆಗಬೇಕು. ಜಲ್ಲಿ ಸುರಿಯುವ ಬಯಲು ಇದೆಯಲ್ಲ, ಐವತ್ತು ಜನ ಆರಾಮವಾಗಿ ಕೂರಬಹುದು. ನಿನ್ನಪ್ಪ ನೆಟ್ಟ ಹೊಂಗೆ ಮರಗಳ ನೆರಳು ಬೇಕಾದಷ್ಟಿದೆ. ಬೆಳಿಗ್ಗೆ ಮಂಜು ಕರಗಿದ ಮೇಲೆ ಕೆಳಗೆ ಸೂಳೆಕೆರೆಯ ನೀರು ಹೊಳೆಯುತ್ತದೆ. ಇದಕ್ಕಿಂತ ದೊಡ್ಡ ಛತ್ರ ಯಾರು ಕಟ್ಟಿಸಿದ್ದಾರೆ?

ಕಾರಣ ನಿನಗೆ ಅರ್ಧ ಗೊತ್ತು, ಪೂರ್ತಿ ಹೇಳುತ್ತೇನೆ. ಚೊಚ್ಚಲ ಬಸುರಿಯನ್ನು ತವರಿನವರು ಬಂದು ಕರೆದೊಯ್ಯಬೇಕು. ಅಪ್ಪ ಅವ್ವ ಇಲ್ಲದ ನನಗೆ ತವರೆಂದರೆ ಬಿಳಿಚೋಡಿನ ತಿಪ್ಪೇಶಪ್ಪ ಮೇಷ್ಟ್ರು, ನನ್ನ ಒಬ್ಬನೇ ಅಣ್ಣ. ಆಗ ನಾನೂ ನಿನ್ನಪ್ಪ ಮಾರಪ್ಪನೂ ರಸ್ತೆ ಗ್ಯಾಂಗಿನ ಡೇರೆಯಲ್ಲಿದ್ದೆವು. ಸೋಮವಾರ ಏಳನೇ ಕಲ್ಲಿಗೆ ಗಾಡಿ ತೆಗೆದುಕೊಂಡು ಬಾ ಎಂದು ಗುಮಾಸ್ತರ ಕೈಲಿ ಕಾರ್ಡು ಬರೆಸಿದೆ. ಬರುತ್ತೇನೆಂದು ಉತ್ತರವೂ ಬಂತು. ಬೆಳಿಗ್ಗೆಯಿಂದ ಗಂಟು ಮಡಿಲಲ್ಲಿಟ್ಟುಕೊಂಡು ಆ ಕಲ್ಲಿಗೆ ಒರಗಿ ಕೂತೆ. ಹೋಗುವ ಬರುವ ಲಾರಿಯವರೆಲ್ಲ ನೋಡಿದರು. ನಿನ್ನಪ್ಪನನ್ನು ಅವತ್ತು ಟಾರು ತರಲು ಭದ್ರಾವತಿಗೆ ಕಳಿಸಿದ್ದರು. ಮಧ್ಯಾಹ್ನ ಮೂರು ಗಂಟೆಗೆ ನೋವು ಬಂತು. ಗ್ಯಾಂಗಿನ ಹೆಂಗಸರು ಸುತ್ತ ಸೀರೆ ಹಿಡಿದರು, ಕಲ್ಲಮ್ಮ ಕುಡುಗೋಲು ಕಾಯಿಸಿ ಹೊಕ್ಕುಳಬಳ್ಳಿ ಕೊಯ್ದಳು. ರಸ್ತೆ ಕೂಸು ಎಂದು ನಿನ್ನನ್ನು ಕರೆದಾಗೆಲ್ಲ ನೀನು ಅಳುತ್ತಿದ್ದೆ. ನಾನು ಅಳಲಿಲ್ಲ, ಹಲ್ಲು ಕಚ್ಚಿಕೊಂಡಿದ್ದೆ.

ಅಣ್ಣ ಬರಲೇ ಇಲ್ಲ. ಆಮೇಲೆ ಏನು ಹೇಳಿ ಕಳಿಸಿದ ಗೊತ್ತೇ? "ನಾನು ಹೋಗಿ ಸಂಜೆತನಕ ಕುಂತಿದ್ದೆ, ಅವಳೇ ಬರಲಿಲ್ಲ, ಇನ್ನು ನನಗೆ ತಂಗಿ ಇಲ್ಲ" ಎಂದು. ಹಸಿ ಸುಳ್ಳು! ನಿನ್ನಪ್ಪ ಸತ್ತಾಗಲೂ ಬರಲಿಲ್ಲ. ಈಗ ಅವನನ್ನು ನಿನ್ನ ಮದುವೆಗೆ ಕರೆಯುತ್ತೇನೆ. ಸೋದರಮಾವನಲ್ಲವೇ?

ಇತಿ ನಿನ್ನ ಅವ್ವ,
ಭೀಮಕ್ಕ, ಮೈಲುಗೂಲಿ


ನ್ಯಾಮತಿ
9-1-1985

ಪ್ರೀತಿಯ ಅವ್ವನಿಗೆ ಕಸ್ತೂರಿಯ ನಮಸ್ಕಾರಗಳು.

ಸಹಿಯ ಪಕ್ಕ ಮೈಲುಗೂಲಿ ಎಂದು ಬರೆಯುವುದನ್ನು ನೀನು ಬಿಡುವುದಿಲ್ಲ. ಒಂದು ಮೈಲಿ ರಸ್ತೆಯ ಗುಂಡಿ ಮುಚ್ಚುವ ಕೂಲಿಗೆ ಅಷ್ಟು ಗತ್ತೇ ಎಂದು ಜಯಪ್ಪ ನಕ್ಕರು. ಗತ್ತೇ, ನಮ್ಮವ್ವ ಆ ಮೈಲಿಯ ರಾಣಿ ಎಂದೆ.

ಗುಡ್ಡದ ಮೇಲೆ ಮದುವೆ ಎಂದಾಗ ಅವರ ಮನೆಯಲ್ಲಿ ಮೊದಲು, ಬಯಲಿನಲ್ಲಾ ಎಂದರು. ಆಮೇಲೆ ದುರುಗಣ್ಣನವರೇ, "ಬಯಲು ಆದ್ರೇನಂತೆ, ಬುದ್ಧ ಹುಟ್ಟಿದ್ದೂ ಮರದ ಬುಡದಾಗೇ ಅಲ್ಲೇನು? ಮಾಡಾಕೆ ಅಡ್ಡಿ ಇಲ್ಲ" ಅಂದರು. ಬುದ್ಧ ಪೂರ್ಣಿಮೆಯ ಮರುದಿನ, ಮೇ ಐದು ಭಾನುವಾರ ಎಂದು ಗೊತ್ತು ಮಾಡಿದ್ದಾರೆ. ಅದರ ಹಿಂದಿನ ರಾತ್ರಿಯೇ ಚಂದ್ರಗ್ರಹಣವಂತೆ. ಗ್ಯಾಂಗಿನವರು ಗೊಣಗಿದರೆ ನೀನೇ ಸಮಾಧಾನ ಮಾಡು.

ಮಾವನನ್ನು ಕರೆಯುವುದು ನನಗೆ ಸಂತೋಷ. ಆದರೆ ನಿನ್ನ ಕಾಗದದ ಕೊನೆಯ ಸಾಲು ಸಂತೋಷದ್ದಲ್ಲ. ಇವರ ಪದ್ಧತಿಯಲ್ಲಿ ಬಾಸಿಂಗವಿಲ್ಲ, ಹಸೆಯಿಲ್ಲ, ಸೋದರಮಾವ ಬಂದು ಮಾಡುವ ಕೆಲಸವೂ ಇಲ್ಲ. ಹಾಗಿದ್ದ ಮೇಲೆ ಸೋದರಮಾವನಾಗಿ ಬಾ ಎಂದು ಏಕೆ ಕರೆಯುತ್ತೀಯ? ನೇರವಾಗಿ ಬರೆ. ನಿನ್ನ ಮನಸ್ಸಿನಲ್ಲಿರುವುದನ್ನು ಊಹಿಸಿ ಊಹಿಸಿ ನನಗೆ ಇಪ್ಪತ್ತು ವರ್ಷವಾಯಿತು.

ಇಂತಿ ನಿನ್ನ ಮಗಳು,
ಕಸ್ತೂರಿ


ಏಳನೇ ಕಲ್ಲು
10-2-1985

ಬಿಳಿಚೋಡಿನ ಶ್ರೀ ತಿಪ್ಪೇಶಪ್ಪ ಮೇಷ್ಟ್ರ ಸನ್ನಿಧಿಗೆ ಭೀಮಕ್ಕ ಬರೆದುಕೊಳ್ಳುವುದು.

ನಾವು ಇಲ್ಲಿ ಸುಖವಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವ ಅಭ್ಯಾಸ ತಪ್ಪಿಹೋಗಿದೆ, ಮನ್ನಿಸಬೇಕು.

ನನ್ನ ಮಗಳು ಕಸ್ತೂರಮ್ಮನ ಮದುವೆ ಮೇ ಐದರ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗುಡ್ಡದ ರಸ್ತೆಯ ಏಳನೇ ಕಲ್ಲಿನಲ್ಲಿ ಗೊತ್ತಾಗಿದೆ. ಸೋದರಮಾವ ಕೈ ಹಿಡಿಯದೆ ನಮ್ಮ ಹೆಣ್ಣು ಹಸೆಗೆ ಬರುವುದಿಲ್ಲ ಎಂಬುದನ್ನು ಓದಿದ ನಿಮಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ತವರಿನ ಸೀರೆ, ಬಾಸಿಂಗ, ಕಾಲುಂಗುರ, ಹಸಿರು ಬಳೆ, ಮಡಿಲಕ್ಕಿ, ಐದು ತೆಂಗಿನಕಾಯಿ, ಇಷ್ಟನ್ನೂ ಹೊಸ ಬುಟ್ಟಿಯಲ್ಲಿಟ್ಟು ತರಬೇಕು. ಒಂದೂ ಕಡಿಮೆಯಾಗಬಾರದು. ಜನ ನೋಡುತ್ತಾರೆ.

ಈ ಸಲವಾದರೂ ಬರುತ್ತೀರಿ ಎಂದು ನಂಬಿದ್ದೇನೆ.

ಹೀಗೆಂದು,
ಭೀಮಕ್ಕ


ಏಳನೇ ಕಲ್ಲು
24-2-1985

ಕಸ್ತೂರಿಗೆ ಅವ್ವನ ಆಶೀರ್ವಾದ.

ನೇರವಾಗಿ ಬರೆ ಎಂದೆ, ಬರೆಯುತ್ತೇನೆ. ಅವನು ಬುಟ್ಟಿ ಹೊತ್ತು ಬರುತ್ತಾನೆ. ಬಾಸಿಂಗ ಕಟ್ಟಲು ಕೈ ಚಾಚುತ್ತಾನೆ, ಕಟ್ಟಿಸಿಕೊಳ್ಳುವವರಿಲ್ಲ. ಹಸೆ ಎಲ್ಲಿ ಎನ್ನುತ್ತಾನೆ, ಹಸೆಯಿಲ್ಲ. ಬುಟ್ಟಿಯನ್ನು ಯಾರೂ ಇಳಿಸಿಕೊಳ್ಳುವುದಿಲ್ಲ. ಗ್ಯಾಂಗಿನವರಿಗೆಲ್ಲ ಹೇಳಿಟ್ಟಿದ್ದೇನೆ. ಅವತ್ತು ನನ್ನ ಸುತ್ತ ಸೀರೆ ಹಿಡಿದ ಹೆಂಗಸರೆಲ್ಲ ಸಾಲಾಗಿ ಕೂತು ನೋಡುತ್ತಿರಬೇಕು, ಮೇಷ್ಟ್ರು ಬೇಡದ ಬುಟ್ಟಿ ಹಿಡಿದು ನಿಂತಿರಬೇಕು. ಹೊಟ್ಟೆ ಹೊತ್ತುಕೊಂಡು ನಾನು ಕೂತಿರಲಿಲ್ಲವೇ? ನಿಲ್ಲಲಿ ಒಂದು ಗಂಟೆ. ಕಲ್ಲಮ್ಮನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. "ನನ್ನ ಮುಂದಿನ ಸಾಲ್ನಾಗೇ ಕೂರ್ಸವ್ವಾ, ಅವನ ಮಕ ಕಾಣ್ಬೇಕು" ಎಂದಳು. ಆ ಮಾತು ಕೇಳಿ ನನಗೆ ಒಂದು ಹೊತ್ತಿನ ಊಟ ಹೆಚ್ಚು ಸೇರಿತು.

ಬೇರೆ ಏರ್ಪಾಡು ಎಲ್ಲ ಸಾಗಿದೆ. ಮೇಸ್ತ್ರಿ ಬೆನಕಪ್ಪ ತಿರುವಿನ ಎರಡೂ ಕಡೆ ಕೆಂಪು ಬಾವುಟದವರನ್ನು ನಿಲ್ಲಿಸುತ್ತಾನೆ, ಲಾರಿಗಳು ನಿಧಾನವಾಗಿ ಹೋಗಬೇಕಲ್ಲ. ಕೆಳಗಿನ ತಿರುವಿನಲ್ಲಿ ತಾನೇ ನಿಲ್ಲುತ್ತಾನಂತೆ. ಜಲ್ಲಿಯನ್ನೆಲ್ಲ ಒಂದು ಪಕ್ಕಕ್ಕೆ ಗುಡ್ಡೆ ಹಾಕಿ, ನೆಲಕ್ಕೆ ನೀರು ಹೊಡೆದು ದಿಮ್ಮಿಸು ಹಾಕಿ ಬಡಿಯುತ್ತಿದ್ದೇವೆ. ಸರ್ಕಾರಕ್ಕೆ ಇಷ್ಟು ಚೆನ್ನಾಗಿ ಎಂದೂ ಬಡಿದಿರಲಿಲ್ಲ ಎಂದು ಎಲ್ಲರೂ ನಗುತ್ತಾರೆ. ಗಾಳಿ ಕೆಳಗಿನಿಂದ ಏಳುವುದರಿಂದ ಒಲೆಯನ್ನು ಬಂಡೆಯ ಮರೆಗೆ ಹೂಡುತ್ತೇವೆ. ಪಾಯಸ, ಬೂಂದಿ, ಅನ್ನ, ಸಾರು. ಗ್ರಹಣದ ಮರುದಿನ ಹೊಸ ನೀರು ತುಂಬಬೇಕೆಂದು ಹೆಂಗಸರ ಹಟ. ತುಂಬಿಕೊಳ್ಳಲಿ, ನಿನ್ನ ಬುದ್ಧ ಬೇಡವೆನ್ನುವುದಿಲ್ಲ.

ನಿನ್ನ ಅವ್ವ,
ಭೀಮಕ್ಕ


ನ್ಯಾಮತಿ
17-3-1985

ಅವ್ವನಿಗೆ,

ನಿನ್ನ ಕಾಗದ ಓದಿ ಎರಡು ವಾರ ಉತ್ತರ ಬರೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಗುವಿಗೆ ಎರಡು ಸಲ ಸೂಜಿ ಹಾಕಲು ಹೋಗಿದ್ದೆ, ಆಯಾ ತಡೆದಳು. ಅಷ್ಟು ಸಿಟ್ಟು ಬಂದಿತ್ತು.

ಅವ್ವಾ, ಅದು ನನ್ನ ಮದುವೆ. ನೀನು ಬಾವುಟದವರನ್ನೂ ಒಲೆಯನ್ನೂ ಗೊತ್ತು ಮಾಡಿದೆ, ಯಾರು ಯಾರ ಮುಖ ನೋಡಬೇಕೆಂಬುದನ್ನೂ ಗೊತ್ತು ಮಾಡಿದೆ. ಮದುಮಗಳು ಎಲ್ಲಿ ಕೂರಬೇಕು ಎಂದು ಒಂದು ಸಾಲು ಬರೆಯಲಿಲ್ಲ.

ನಾನು ಏನು ಬಯಸುತ್ತೇನೆ ಎಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಶಾಲೆಯಲ್ಲಿ ಎಲ್ಲರಿಗೂ ರಜೆಗೆ ಹೋಗಲು ಮಾವನ ಮನೆ ಇತ್ತು. ನನಗೆ ಇರಲಿಲ್ಲ. ಒಂದೇ ಒಂದು ಸಲ ನನ್ನ ಮಾವ ನನ್ನ ಕೈ ಹಿಡಿದು ನಾಲ್ಕು ಜನರ ಮುಂದೆ ನಡೆಸಿಕೊಂಡು ಬರಬೇಕು. ಅಷ್ಟೇ. ಅದಕ್ಕಾಗಿ ದುರುಗಣ್ಣನವರನ್ನು ನಾನೇ ನಾಚಿಕೆ ಬಿಟ್ಟು ಕೇಳಿದೆ. "ಹೆಣ್ಣಿನ ಮಾವ ಕೈ ಹಿಡ್ಕಂಡು ಬರ್ಲಿ ಬಿಡವ್ವ, ಅದ್ರಾಗೆ ತಪ್ಪೇನೈತೆ" ಎಂದು ಒಪ್ಪಿದರು. ಬಾಸಿಂಗ ಕಟ್ಟದಿದ್ದರೂ ಮಾವ ತಂದ ಸೀರೆಯನ್ನೇ ಉಡುತ್ತೇನೆ. ಈಗ ಮಾವನಿಗೆ ಕೆಲಸವಿದೆ. ನಿನ್ನ ಲೆಕ್ಕ ತಪ್ಪಿತು.

ಅವರಿಗೆ ಅವಮಾನ ಮಾಡಿದರೆ ಆ ಅವಮಾನ ನನ್ನ ಮದುವೆಗೆ. ನನ್ನ ಮದುವೆ ಬೇಕೋ ನಿನ್ನ ಸೇಡು ಬೇಕೋ, ಒಂದನ್ನು ಇಟ್ಟುಕೋ.

ಜಯಪ್ಪ ಹೊನ್ನಾಳಿಯಲ್ಲಿ ಕಾರ್ಡು ಅಚ್ಚು ಹಾಕಿಸಿದ್ದಾರೆ. ಏಳನೇ ಕಲ್ಲು ಎಂದರೆ ನಿಮ್ಮ ಗ್ಯಾಂಗಿನವರಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲವೆಂದು ಹನ್ನೊಂದನೇ ಕಿಲೋಮೀಟರ್ ಬಳಿ ಎಂದು ಹಾಕಿಸಿದ್ದಾರೆ. ಮಾವನಿಗೂ ಒಂದು ಕಾರ್ಡನ್ನು ನನ್ನ ಕೈಯಾರೆ ಅಂಚೆಗೆ ಹಾಕಿದೆ.

ಕಸ್ತೂರಿ


ಬಿಳಿಚೋಡು
ಜಗಳೂರು ತಾಲ್ಲೂಕು
7-4-1985

ತಂಗಿ ಭೀಮಕ್ಕನಿಗೆ ಅಣ್ಣ ತಿಪ್ಪೇಶಪ್ಪ ಮಾಡುವ ಆಶೀರ್ವಾದಗಳು.

ನನ್ನನ್ನು ‘ನೀವು’ ಎಂದು ಕರೆದು ನೀನು ಬರೆದ ಕಾಗದಕ್ಕೆ ಉತ್ತರ ಬರೆಯಬಾರದೆಂದಿದ್ದೆ. ನಿನ್ನ ಮಗಳು ಕಳಿಸಿದ ಕಾರ್ಡು ಬಂದ ಮೇಲೆ ಬರೆಯದೆ ಇರಲಾಗಲಿಲ್ಲ.

ನಿನ್ನ ಕಾಗದದಲ್ಲಿ ಏಳನೇ ಕಲ್ಲು ಎಂದಿದೆ. ಕಾರ್ಡಿನಲ್ಲಿ ಹನ್ನೊಂದನೇ ಕಿಲೋಮೀಟರ್ ಎಂದಿದೆ. ಎರಡು ಮದುವೆಯೇ ಇವರದು ಎಂದು ನಿನ್ನ ಅತ್ತಿಗೆ ಅಜ್ಜಮ್ಮ ನಕ್ಕಳು. ನಾನು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ಏಳು ಮೈಲಿ ಎಂದರೆ ಹನ್ನೊಂದೂಕಾಲು ಕಿಲೋಮೀಟರು. ಮಕ್ಕಳಿಗೆ ಈ ಲೆಕ್ಕವನ್ನು ಎಷ್ಟು ವರ್ಷ ಹೇಳಿಕೊಟ್ಟಿದ್ದೇನೆ, ಬೆತ್ತ ಹಿಡಿದು ಹೇಳಿಕೊಟ್ಟಿದ್ದೇನೆ. ಅವತ್ತು ನನಗೇ ಆ ಲೆಕ್ಕ ಬರಲಿಲ್ಲ.

ಭೀಮಕ್ಕ, ಅವತ್ತು ನಾನು ಬಂದಿದ್ದೆ. ಚನ್ನಗಿರಿಯಲ್ಲಿ ಗಾಡಿ ಗೊತ್ತು ಮಾಡಿ, ಹುಲ್ಲು ಹಾಸಿ, ಮೇಲೆ ಅವ್ವನ ಕೌದಿ ಹಾಸಿಸಿದ್ದೆ. ಗುಡ್ಡದ ಬುಡದಲ್ಲಿ, ಸುಣ್ಣ ಬಳಿದ ಹೊಸ ಕಲ್ಲಿನ ಮೇಲೆ 7 ಎಂದು ಬರೆದಿತ್ತು. ಇಳಿದೆ. ಹೊತ್ತು ಮುಳುಗುವ ತನಕ ಅಲ್ಲೇ ಕೂತಿದ್ದೆ. ನೀನು ಬರಲಿಲ್ಲ. ಮಾರಪ್ಪನಿಗೂ ನನಗೂ ನಿನ್ನ ಮದುವೆಯಲ್ಲೇ ಮಾತು ಬಂದಿತ್ತು, ಅವನೇ ಬೇಕೆಂದು ಕಳಿಸಲಿಲ್ಲ ಎಂದುಕೊಂಡೆ. ಆ ಸಿಟ್ಟಿನಲ್ಲಿ ಹೇಳಬಾರದ ಮಾತು ಹೇಳಿ ಕಳಿಸಿದೆ. ನೀವು ಗ್ಯಾಂಗಿನವರು ಮೈಲಿಯ ಕಲ್ಲನ್ನು ಊರಿನ ಹೆಸರಿನ ಹಾಗೆ ಕರೆಯುತ್ತೀರಿ, ಆ ಕಲ್ಲುಗಳೇ ಮೈಲಿಯಿಂದ ಕಿಲೋಮೀಟರಿಗೆ ಬದಲಾಗುತ್ತಿವೆ ಎಂಬುದು ನನಗೆ ಹೊಳೆಯಲಿಲ್ಲ. ನಾನು ಕಲ್ಲಿನ ಮೇಲಿನ ಅಂಕಿ ಓದಿದೆ, ಅಷ್ಟೇ.

ನಾನು ಬಂದಿದ್ದೆ ತಂಗಿ. ಇಷ್ಟನ್ನು ನೀನು ನಂಬಿದರೆ ಸಾಕು.

ನಿನ್ನ ಅಣ್ಣ,
ತಿಪ್ಪೇಶಪ್ಪ


ಏಳನೇ ಕಲ್ಲು
14-4-1985

ಅಣ್ಣಾ,

ನೀವು ಗೀವು ಎಲ್ಲ ಬಿಟ್ಟೆ. ಬೈಯುವುದಕ್ಕೆ ನೀನು ಎಂಬುದೇ ಸರಿ.

ನಿನ್ನ ಕಾಗದ ಓದಿ ಬಾಗಿಲಲ್ಲೇ ಕೂತೆ. ಕೆಲಸಕ್ಕೆ ಹೋಗಲಿಲ್ಲ. ನಂಬಿದೆ. ಸುಳ್ಳು ಹೇಳುವವನಾದರೆ ಅವ್ವನ ಕೌದಿ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಇನ್ನೊಂದು ಕೇಳು. ಗುಡ್ಡದ ಬುಡದಲ್ಲಿ ಆ ಹೊಸ ಕಲ್ಲು ನೆಟ್ಟಾಗ ಅದರ ಬುಡಕ್ಕೆ ಮಣ್ಣು ಹೊತ್ತು ಹಾಕಿದವಳು ನಾನು. ಏಳು ತಿಂಗಳ ಹೊಟ್ಟೆ ಇಟ್ಟುಕೊಂಡು ಹೊತ್ತೆ. ಮೇಲೆ ಏನು ಬರೆದಿದ್ದಾರೆಂದು ಓದಲು ನನಗೆ ಬರುತ್ತಿರಲಿಲ್ಲ. ನಿನಗೆ ಬರುತ್ತಿತ್ತು. ಅಪ್ಪ ನಿನ್ನನ್ನು ಶಾಲೆಗೆ ಕಳಿಸಿದ, ನನ್ನನ್ನು ಕೂಲಿಗೆ ಕಳಿಸಿದ.

ಈಗ ನಾನೇನು ಮಾಡಬೇಕು? ಅಯ್ಯೋ, ಪಾಪ, ಕಲ್ಲಿನ ತಪ್ಪು ಎಂದು ಅಳಬೇಕೇ? ಒಂದು ದಿನದ ತಪ್ಪು ಕಲ್ಲಿನದು, ಒಪ್ಪಿದೆ. ಆಮೇಲಿನ ಇಪ್ಪತ್ತು ವರ್ಷ ಯಾವ ಕಲ್ಲಿನದು? ಸಂಜೆತನಕ ಕೂತೆಯಲ್ಲ, ದನ ಹೊಡೆದುಕೊಂಡು ಹೋಗುವವನೊಬ್ಬನನ್ನು ಗ್ಯಾಂಗಿನ ಡೇರೆ ಎಲ್ಲೈತಪ್ಪಾ ಎಂದು ಕೇಳಿದ್ದರೆ ನಿನ್ನ ಬಾಯಿ ಸವೆಯುತ್ತಿತ್ತೇ? ಮೇಷ್ಟ್ರು ಯಾರನ್ನಾದರೂ ಕೇಳುವುದುಂಟೇ! ನಾಲ್ಕು ಕಿಲೋಮೀಟರು ಮೇಲೆ ನಾನು ಬೀದಿಯಲ್ಲಿ ಹೆರುತ್ತಿದ್ದೆ. ಹತ್ತಿ ಬಂದಿದ್ದರೆ ನನ್ನ ಕೂಗು ಕೇಳುತ್ತಿತ್ತು. ನಿನ್ನ ತಪ್ಪಿಲ್ಲ ಎಂದು ತಿಳಿದ ಮೇಲೆ ನನ್ನ ಸಿಟ್ಟು ಹೆಚ್ಚಾಗಿದೆ ಅಣ್ಣ. ಇಷ್ಟು ವರ್ಷ ಅದನ್ನು ಊರುಗೋಲು ಮಾಡಿಕೊಂಡು ಬದುಕಿದೆ, ಈಗ ಅದನ್ನೂ ಕಿತ್ತುಕೊಳ್ಳಲು ಬಂದೆಯಾ?

ನನ್ನ ಮಗಳಿಗೆ ನೀನು ಕೈ ಹಿಡಿದು ನಡೆಸಬೇಕೆಂಬ ಆಸೆಯಿದೆ. ಸರಿ. ಆದರೆ ಬಸ್ಸಿನಲ್ಲಿ ಜಂಬವಾಗಿ ಬಂದು ಇಲ್ಲೇ ಇಳಿಯಬೇಡ. ಅವತ್ತು ಇಳಿದ ಕಲ್ಲಿನಲ್ಲೇ ಇಳಿ. ಅತ್ತಿಗೆಯನ್ನು ಕರೆತರಬೇಡ, ಒಬ್ಬನೇ ಬಾ. ಬುಟ್ಟಿ ನಿನ್ನ ತಲೆಯ ಮೇಲೆ ಇರಲಿ. ಅವತ್ತು ನಡೆಯದ ಆ ನಾಲ್ಕು ಕಿಲೋಮೀಟರನ್ನು ಈಗ ನಡೆ. ನಡೆದು ಬಂದೆಯೋ, ಕಸ್ತೂರಿಯ ಕೈಯನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ಇದು ನನ್ನ ಮಾತು.

ಭೀಮಕ್ಕ


ಬಿಳಿಚೋಡು
21-4-1985

ಭೀಮಕ್ಕನಿಗೆ ಆಶೀರ್ವಾದ. ಮೊದಲನೇ ಬಸ್ಸಿಗೆ ಬಂದು ಏಳನೇ ಕಿಲೋಮೀಟರಿನಲ್ಲಿ ಇಳಿಯುತ್ತೇನೆ. ನಡೆದು ಬರುತ್ತೇನೆ.

ತಿಪ್ಪೇಶಪ್ಪ


ಏಳನೇ ಕಲ್ಲು
19-5-1985

ಹೊನ್ನಾಳಿಯ ಸೊಸೆ ಕಸ್ತೂರಮ್ಮನಿಗೆ ಅವ್ವನ ಆಶೀರ್ವಾದ.

ಮದುವೆಯಾಗಿ ಹದಿನಾಲ್ಕು ದಿನವಾಯಿತು. ಹೋಗುವಾಗ ನೀನು ನನ್ನ ಕಾಲಿಗೆ ಬಿದ್ದೆ, ಮುಖ ನೋಡಲಿಲ್ಲ. ಗಮನಿಸಿಲ್ಲವೆಂದುಕೊಳ್ಳಬೇಡ.

ಎಲ್ಲರೂ ನಿನ್ನ ಮದುವೆಯನ್ನು ಹೊಗಳುತ್ತಿದ್ದಾರೆ. ಲಾರಿಯವರೂ ನಿಲ್ಲಿಸಿ ಬೂಂದಿ ತಿಂದು ಹೋದರಲ್ಲ! ಹೊಂಗೆ ಹೂವು ಮೇಲಿಂದ ಉದುರಿ ನಿನ್ನ ತಲೆಯ ತುಂಬ ಬಿದ್ದಿತ್ತು, ಜಯಪ್ಪ ಅದನ್ನು ಒಂದೊಂದಾಗಿ ಆರಿಸಿ ತೆಗೆದ. ದುರುಗಣ್ಣನವರು ಬುದ್ಧನ ಮಾತು ಹೇಳಿಕೊಡುವಾಗ ಗ್ಯಾಂಗಿನ ಹೆಂಗಸರೂ ತಪ್ಪು ತಪ್ಪಾಗಿ ಹೇಳಿದರು.

ನಿನ್ನ ಮಾವನಿಗಾಗಿ ಕಾಯಲಿಲ್ಲವೆಂದು ನಿನಗೆ ಕೋಪ. ಹತ್ತು ಗಂಟೆ ಎಂದರೆ ಹತ್ತು ಗಂಟೆ, ಬೀಗರು ಅವಸರ ಮಾಡಿದರು, ನಾನೇನು ಮಾಡಲಿ? ಹೆತ್ತ ನಾನೇ ನಿನ್ನ ಕೈ ಹಿಡಿದು ಕರೆತಂದೆ. ಅದರಲ್ಲಿ ಕಡಿಮೆ ಏನಾಯಿತು?

ಅವನು ಬಂದಾಗ ಹಾರ ಬದಲಾಯಿಸಿ ಆಗಿತ್ತು. ನೀನು ತಲೆ ಬಗ್ಗಿಸಿದ್ದೆ, ನಾನು ನೋಡುತ್ತಿದ್ದೆ. ತಿರುವು ದಾಟಿ ಬಂದ. ಬುಟ್ಟಿ ತಲೆಯ ಮೇಲೆ, ಒಂದು ಚಪ್ಪಲಿ ಕಿತ್ತುಹೋಗಿ ಎರಡನ್ನೂ ಕೈಯಲ್ಲಿ ಹಿಡಿದಿದ್ದ. ಎಷ್ಟು ಮುದುಕನಾಗಿದ್ದಾನೆ! ಜಲ್ಲಿ ಗುಡ್ಡೆಯ ಪಕ್ಕ ನಿಂತ. ಯಾರೂ ಏಳಲಿಲ್ಲ. ಕಲ್ಲಮ್ಮ, "ಬಂದ್ನಾ? ಎಲ್ಲಿ? ಹೆಂಗವ್ನೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ನಾನು ಎದ್ದು ಹೋದೆ. ಬುಟ್ಟಿ ಇಳಿಸಿಕೊಳ್ಳಲಿಲ್ಲ. "ಮದ್ವಿ ಆತೇನವ್ವಾ?" ಎಂದ. "ಆತು" ಎಂದೆ. ಚಪ್ಪಲಿ ಕೆಳಗೆ ಹಾಕಿ, "ನೀನು ಹೆತ್ತಿದ್ದು ಯಾವ ಜಾಗ?" ಎಂದ. ತೋರಿಸಿದೆ. ಬುಟ್ಟಿಯನ್ನು ತಾನೇ ಇಳಿಸಿ, ಅಲ್ಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಉಂಡು ಹೋಗ್ರೀ ಮೇಷ್ಟ್ರೇ" ಎಂದು ನಾನು ಬಂದುಬಿಟ್ಟೆ.

ನನಗೆ ಖುಷಿಯಾಯಿತು ಕಸ್ತೂರಿ. ಹೊಟ್ಟೆ ತುಂಬಾ ಖುಷಿಯಾಯಿತು. ಆಗಬಾರದಿತ್ತು ಎಂದು ನೀನು ಹೇಳಬಹುದು. ಇಪ್ಪತ್ತು ವರ್ಷ ನಾನು ಒಬ್ಬಳೇ ಕೂತ ಜಾಗದಲ್ಲಿ ಅವನೂ ಒಬ್ಬನೇ ಕೂತ. ಆಮೇಲೆ ನೀನು ಎದ್ದು ಹೋಗಿ ಅವನ ಪಕ್ಕ ಕೂತೆಯಲ್ಲ, ಹೊಸ ಸೀರೆಯನ್ನು ಧೂಳು ಮಾಡಿಕೊಂಡು, ಅದನ್ನು ಮಾತ್ರ ನಾನು ಕೇಳಿರಲಿಲ್ಲ.

ಕಾಗದ ಬರೆ.

ನಿನ್ನ ಅವ್ವ,
ಭೀಮಕ್ಕ


ಏಳನೇ ಕಲ್ಲು
1-9-1985

ಕಸ್ತೂರಿಗೆ,

ಇದು ನಾಲ್ಕನೇ ಕಾಗದ. ಒಂದಕ್ಕೂ ಉತ್ತರವಿಲ್ಲ. ನೀನು ಬಸುರಿ ಎಂಬ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ಬಾಯಲ್ಲಿ ಕೇಳಬೇಕಾಯಿತು. ಅವನಿಗೆ ಬೆಲ್ಲ ಕೊಟ್ಟೆ. ಏನು ತಿನ್ನಬೇಕೆನಿಸುತ್ತದೆ ಬರೆ, ಮಾಡಿ ಕಳಿಸುತ್ತೇನೆ. ಬಾಣಂತನಕ್ಕೆ ಒಳಕೋಣೆಗೆ ಹೊಸ ಹೆಂಚು ಹೊದಿಸುತ್ತಿದ್ದೇನೆ.

ಅವ್ವ


ಹೊನ್ನಾಳಿ
8-12-1985

ಅವ್ವನಿಗೆ ಕಸ್ತೂರಿಯ ನಮಸ್ಕಾರ.

ನನಗೆ ಈಗ ಏಳು ತಿಂಗಳು. ಆರೋಗ್ಯವಾಗಿದ್ದೇನೆ. ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆದರೆ ಕೆಟ್ಟದ್ದೇ ಬರೆಯುತ್ತಿದ್ದೆ.

ಹೋದ ಜುಲೈಯಲ್ಲಿ ಮೇಸ್ತ್ರಿ ಬೆನಕಪ್ಪಜ್ಜ ಕಾಲು ಬಾತುಕೊಂಡಿದೆಯೆಂದು ನ್ಯಾಮತಿ ಆಸ್ಪತ್ರೆಗೆ ಬಂದಿದ್ದರು. ಪಟ್ಟಿ ಕಟ್ಟುವಾಗ ಮಾತಿಗೆ ಮಾತು ಬಂತು. ನಮ್ಮ ಮಾವ ಇನ್ನು ಕಾಲು ಗಂಟೆ ಮೊದಲು ಬಂದಿದ್ದರೆ ಎಂದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅವ್ರು ಕೆಳಗಿನ ತಿರುವಿನಾಗೆ ಬರಾಕತ್ತಿದ್ದು ಕಂಡು ನಾನು ಬಾವುಟ ಎತ್ತಿ ಬೀಸಿದ್ನಲ್ಲವ್ವ. ನಿಮ್ಮವ್ವನೇ ಹೇಳಿದ್ಲು, ಅಣ್ಣ ಕಂಡ್ರೆ ಬಾವುಟ ಬೀಸು ಅಂತ. ನೋಡಿ ಅವ್ಳೂ ಕೈ ಎತ್ತಿದ್ಲು. ಆಮ್ಯಾಕೆ ನೋಡಿದ್ರೆ ಹಾರ ಹಾಕಿಸ್ತಾವ್ರೆ. ನನಗೂ ತಿಳೀಲಿಲ್ಲ ಬಿಡು."

ದುರುಗಣ್ಣ ಮಾವನವರನ್ನು ಕೇಳಿದೆ. "ನಾವ್ಯಾಕೆ ಅವಸರ ಮಾಡ್ತೀವಿ? ಅಣ್ಣ ಬರಾಕಾಗಲ್ಲ ಅಂತ ಹೇಳಿ ಕಳಿಸ್ಯಾನೆ, ಶುರು ಮಾಡ್ರಿ ಅಂತ ನಿಮ್ಮವ್ವನೇ ಅಂದ್ಲು" ಎಂದರು. ಬಾವುಟ ಕಂಡ ಮೇಲೆ ಹೋಗಿ ಹಾಗೆ ಹೇಳಿದೆ. ಇನ್ನು ಕಾಲು ಗಂಟೆ ತಡೆದಿದ್ದರೆ ಸಾಕಿತ್ತು. ನಡೆದು ಬಂದರೆ ಕೈ ಹಿಡಿಸುತ್ತೇನೆಂದು ನೀನು ಮಾವನಿಗೆ ಮಾತು ಕೊಟ್ಟ ಕಾಗದವನ್ನೂ ನಾನು ಬಿಳಿಚೋಡಿಗೆ ಹೋಗಿದ್ದಾಗ ಓದಿದೆ. ಅವರು ತೋರಿಸಲಿಲ್ಲ, ಅಜ್ಜಮ್ಮತ್ತೆ ತೋರಿಸಿದರು. ಮಾವ ಇವತ್ತಿನವರೆಗೂ ತಾವೇ ತಡವಾಗಿ ನಡೆದೆ ಎಂದುಕೊಂಡಿದ್ದಾರೆ. ಮೊಣಕಾಲು ನೋವೆಂದು ಎರಡು ಕಡೆ ಕೂತರಂತೆ, ಕೂರಬಾರದಿತ್ತು ಎಂದು ಅವರ ಕೊರಗು. ನಾನು ನಿಜ ಹೇಳಲಿಲ್ಲ. ನಿನ್ನ ಮೇಲಿನ ಕರುಣೆಗಲ್ಲ, ಅವರ ಮೇಲಿನ ಕರುಣೆಗೆ.

ಅವರು ನಿನಗೆ ಮಾಡಿದ್ದು ತಿಳಿಯದೆ ಮಾಡಿದ ತಪ್ಪು. ನೀನು ನನಗೆ ಮಾಡಿದ್ದು ತಿಳಿದು ಮಾಡಿದ್ದು. ನಾನು ಕೇಳಿದ್ದು ಹತ್ತು ಹೆಜ್ಜೆ ಅವ್ವಾ, ನನ್ನ ಮಾವನ ಕೈ ಹಿಡಿದು ಹತ್ತೇ ಹೆಜ್ಜೆ.

ನಾನು ಯೋಚಿಸಿ ಗಟ್ಟಿ ಮಾಡಿದ್ದೇನೆ. ಬಾಣಂತನಕ್ಕೆ ಬಿಳಿಚೋಡಿಗೆ ಹೋಗುತ್ತೇನೆ. ಹೆರಿಗೆ ಜಗಳೂರು ಆಸ್ಪತ್ರೆಯಲ್ಲಿ, ಐದು ತಿಂಗಳು ಮಾವನ ಮನೆಯಲ್ಲಿ. ಅತ್ತೆಯನ್ನು ನಾನೇ ಕೇಳಿದೆ, ಒಪ್ಪಿದ್ದಾರೆ. ಮಾವ ಮುಂದಿನ ಭಾನುವಾರ ಹೊನ್ನಾಳಿಗೇ ಬಂದು ಕರೆದೊಯ್ಯುತ್ತಾರೆ. ನೀನು ಅಲ್ಲಿಗೆ ಬರಬೇಡ. ಮಗುವಿನ ಹೆಸರಿಡುವ ದಿನ ಕರೆಯಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡುತ್ತೇನೆ. ನಿನಗೆ ನೋವಾಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನ ಮಗಳಲ್ಲವೇ ನಾನು?

ಕಸ್ತೂರಿ


ಏಳನೇ ಕಲ್ಲು
15-12-1985

ಮಗಳು ಕಸ್ತೂರಿಗೆ,

ಬೆನಕಪ್ಪ ಹೇಳಿದ್ದು ನಿಜ. ಬಾವುಟ ಕಂಡಿತು. ಕಂಡ ತಕ್ಷಣ ಮೈಯೆಲ್ಲ ಉರಿಯಿತು. ಇಷ್ಟು ಸಲೀಸಾಗಿ ಬಂದುಬಿಡುತ್ತಾನಲ್ಲ ಎನಿಸಿತು. ಬಾಯಿಗೆ ಆ ಸುಳ್ಳು ತಾನಾಗಿ ಬಂತು.

ತಪ್ಪಾಯಿತು ಎಂದು ಬರೆಯಲು ಕೂತು ಮೂರು ಹಾಳೆ ಹರಿದೆ. ಅವನ ವಿಷಯದಲ್ಲಿ ತಪ್ಪಾಯಿತು ಎಂದು ನನಗೆ ಈಗಲೂ ಅನ್ನಿಸುತ್ತಿಲ್ಲ, ಅನ್ನಿಸದ್ದನ್ನು ಬರೆಯಲಾರೆ. ನಿನ್ನ ವಿಷಯದಲ್ಲಿ ಆಯಿತು. ಅವನಿಗೆ ಹೊಡೆಯಲು ಎತ್ತಿದ ಕೈಗೆ ನೀನೇ ಸಿಕ್ಕಿದ್ದೆ, ನಾನು ನೋಡಲಿಲ್ಲ.

ಇವತ್ತು ಭಾನುವಾರ. ಈ ಹೊತ್ತಿಗೆ ಅವನು ನಿನ್ನನ್ನು ಕರೆದುಕೊಂಡು ಹೊರಟಿರಬೇಕು. ಈ ಕಾಗದವನ್ನು ಬಿಳಿಚೋಡಿನ ವಿಳಾಸಕ್ಕೇ ಹಾಕುತ್ತೇನೆ. ನೀನು ಬೇಡ ಎಂದಿದ್ದೀಯ, ನಾನು ಬರುವುದಿಲ್ಲ. ಅತ್ತಿಗೆ ಅಜ್ಜಮ್ಮ ನಿಧಾನದವಳು, ಎಣ್ಣೆ ಹಚ್ಚುವಾಗ ಸೊಂಟಕ್ಕೆ ಒತ್ತಿ ಹಚ್ಚಲು ಹೇಳು. ತಲೆಗೆ ಗಾಳಿ ತಾಗಿಸಿಕೊಳ್ಳಬೇಡ. ನೀನು ನರ್ಸು, ನಿನಗೆ ಗೊತ್ತಿದೆ, ಆದರೂ ಬರೆದೆ.

ಕೊಬ್ಬರಿ, ಉತ್ತುತ್ತಿ, ಬೆಲ್ಲ ತಂದು ಹೋದ ವಾರ ಅಂಟಿನುಂಡೆ ಕಟ್ಟಿದೆ. ನನ್ನ ಬಾಣಂತನದಲ್ಲಿ ನನಗೆ ಯಾರೂ ಕಟ್ಟಿರಲಿಲ್ಲ, ಅಳತೆ ಗೊತ್ತಿರಲಿಲ್ಲ, ಬಸವಾಪಟ್ಟಣಕ್ಕೆ ಹೋಗಿ ಒಬ್ಬ ಮುದುಕಿಯನ್ನು ಕೇಳಿಕೊಂಡು ಬಂದು ಕಟ್ಟಿದೆ. ಐವತ್ತು ಉಂಡೆ ಆಗಿವೆ. ಕೆಡುವುದಿಲ್ಲ, ಎರಡು ತಿಂಗಳು ಇರುತ್ತವೆ. ಯಾರ ಕೈಲಿ ಕಳಿಸಲಿ, ಅದೊಂದನ್ನು ಬರೆ.

ನಿನ್ನ ಅವ್ವ,
ಭೀಮಕ್ಕ